ಗಡ್ಡ ತೆಗೆದ ವಿಚಾರ

ವಡಾಲ, ಮುಂಬಯಿ
ಭಾನುವಾರ, ಜುಲೈ ೧೩, ೨೦೨೫

ಪ್ರೀತಿಯ ಧಾತ್ರಿ,

ಹೇಗಿದ್ದೀಯ? ಕಾಲಿನ ಬಾವು ಇಳಿಯಿತೆ? ನಿದ್ದೆ ಬರುತ್ತಿದೆಯೆ? ಕಬ್ಬಿಣದ ಮಾತ್ರೆಯನ್ನು ನೀನೇ ನುಂಗುತ್ತಿದ್ದೀಯೋ, ಕುಂಡದಲ್ಲಿ ಹೂತು ನಿಮ್ಮಮ್ಮನ ದಾಸವಾಳಕ್ಕೆ ರಕ್ತ ಹೆಚ್ಚಿಸುತ್ತಿದ್ದೀಯೋ? ಇವೆಲ್ಲ ಫೋನಿನಲ್ಲೇ ಕೇಳಬಹುದಾದ ಪ್ರಶ್ನೆಗಳು. ಆದರೆ ನೀನು ಫೋನು ತೆಗೆಯುವುದಿಲ್ಲ. ಮೊನ್ನೆ ಅತ್ತೆಯೇ ತೆಗೆದು, "ಅವಳು ಮಾತು ಬೇಡ ಅಂತಾಳೆ ಅಳಿಯಂದಿರೆ, ಬರೆದು ನೋಡಿ, ಓದಿದ್ರೂ ಓದ್ಬಹುದು" ಅಂದರು. ಹಾಗಾಗಿ ಮದುವೆಗೆ ಮುಂಚೆ ಬರೆಯಬೇಕಿದ್ದ ಕಾಗದವನ್ನು ಮದುವೆಯಾಗಿ ಆರು ವರ್ಷಕ್ಕೆ ಬರೆಯುತ್ತಿದ್ದೇನೆ. ಅದೂ ಆಷಾಢದಲ್ಲಿ. ಹೊಸ ಸೊಸೆಯರು ತವರಿಗೆ ಹೋಗುವ ತಿಂಗಳಲ್ಲಿ ಹಳೇ ಹೆಂಡತಿಗೆ ಬರೆಯುವ ಗಂಡ ನಾನೊಬ್ಬನೇ ಇರಬೇಕು.

ಇಲ್ಲಿ ಮನೆ ನಡೆಯುತ್ತಿದೆ. ಇಂದ್ರಾಬಾಯಿ ಧಾರಾವಿಯಿಂದ ಬೆಳಿಗ್ಗೆ ಬಂದು ಅಡುಗೆ ಮಾಡಿಟ್ಟು ಹೋಗುತ್ತಾಳೆ. ಒಬ್ಬನಿಗೆ ಅಂತ ಎಷ್ಟು ಹೇಳಿದರೂ ಇಬ್ಬರಿಗಾಗುವಷ್ಟು ಮಾಡುತ್ತಾಳೆ, ನಾನೂ ಹೇಳುವುದನ್ನು ಬಿಟ್ಟಿದ್ದೇನೆ. ಆಫೀಸಿನಲ್ಲಿ ನನ್ನ ಜಾಹೀರಾತಿನ ಕನ್ನಡ ಎಂದಿನಂತೆ ಸುಳ್ಳು ಹೇಳುತ್ತಿದೆ. ಕರಿಬೇವಿನ ಗಿಡ ಚಿಗುರಿದೆ. ಇಷ್ಟು ಬಿಟ್ಟರೆ ಮುಖ್ಯ ಸುದ್ದಿ, ಅಂದರೆ ಮುಖದ ಸುದ್ದಿ, ಒಂದೇ: ಗಡ್ಡ ತೆಗೆದೆ.

ಈ ಗಡ್ಡ ಹುಟ್ಟಿದ್ದು ಹೇಗೆಂದು ನಿನಗೆ ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ, ಯಾಕೆಂದರೆ ಆ ದಿನಗಳ ಬಗ್ಗೆ ನಾವಿಬ್ಬರೂ ಮಾತೇ ಆಡಿಲ್ಲ. ಫೆಬ್ರವರಿಯಲ್ಲಿ ಸಿಹಿ ಸುದ್ದಿ ತಿಳಿಸಿದಾಗ ಅತ್ತೆ ಮೊದಲು ಅತ್ತರು, ಆಮೇಲೆ ನನ್ನನ್ನು ಫೋನಿಗೆ ಕರೆದು, "ಬಸುರಿ ಗಂಡ ಮುಖಕ್ಕೆ ಕತ್ತಿ ತಾಕಿಸಬಾರದು, ಹೆರಿಗೆ ಆಗೋವರೆಗೂ ಹಾಗೇ ಬಿಡಿ" ಎಂದು ಅಪ್ಪಣೆ ಕೊಟ್ಟರು. ಬ್ಲೇಡಿನ ಜಾಹೀರಾತಿಗೆ 'ಒಂದೇ ಎಳೆತ, ರೇಷ್ಮೆಯ ಹೊಳೆತ' ಎಂದು ಪ್ರಾಸ ಕಟ್ಟಿದವನಿಗೆ ಈ ಶಿಕ್ಷೆ! ನಾನು ಗೊಣಗಿದೆ, ನೀನು ನಕ್ಕೆ. ನೀನು ನಕ್ಕದ್ದಕ್ಕೇ ಒಪ್ಪಿಕೊಂಡೆ. ಹೊಟ್ಟೆ ನಿನ್ನ ಪಾಲಿಗೆ, ಗಡ್ಡ ನನ್ನ ಪಾಲಿಗೆ, ಯಾರದು ಚೆನ್ನಾಗಿ ಬೆಳೆಯುತ್ತೆ ನೋಡೋಣ ಅಂತ ಪಂದ್ಯ ಕಟ್ಟಿದೆವು. ಸಂಜೆ ಬಾಲ್ಕನಿಯಲ್ಲಿ ನನ್ನ ಗದ್ದ ಹಿಡಿದು, "ಇದು ಇನ್ನೂ ನಾಲ್ಕನೇ ತಿಂಗಳಿನ ಹಾಗಿಲ್ಲ, ಸರಿಯಾಗಿ ಊಟ ಮಾಡು" ಎಂದು ನೀನು ಬೈದದ್ದು ಜ್ಞಾಪಕ ಇದೆಯೆ? ಮೇ ತಿಂಗಳ ಕೊನೆಯಲ್ಲಿ ನಿನ್ನ ಪಾಲಿನದು ನಿಂತುಹೋಯಿತು. ಆರನೇ ತಿಂಗಳಿಗೇ ಮಗು ಹೋಯಿತು. ನನ್ನ ಪಾಲಿನದು ಮಾತ್ರ ಬುದ್ಧಿಯಿಲ್ಲದ ಹಾಗೆ ಬೆಳೆಯುತ್ತಲೇ ಇತ್ತು. ಮಗು ಹುಟ್ಟಿದ ಮೇಲೆ ತೆಗೆಯಬೇಕು ಎಂದಿದ್ದರು. ಹುಟ್ಟದಿದ್ದರೆ ಯಾವತ್ತು ತೆಗೆಯಬೇಕು ಎಂದು ಯಾರೂ ಹೇಳಿರಲಿಲ್ಲ, ನಾನೂ ಕೇಳಲಿಲ್ಲ.

ನಿನ್ನನ್ನು ಮೈಸೂರಿನಲ್ಲಿ ಬಿಟ್ಟು ಹೊರಟಾಗ ನೀನು ಕಣ್ಣಿಗೆ ಕೈ ಅಡ್ಡ ಇಟ್ಟುಕೊಂಡು ಹೇಳಿದ್ದು ಒಂದೇ ಮಾತು: "ಇನ್ನೊಂದು ಸಲ ಬರೋವಾಗ ಈ ಗಡ್ಡ ಇರಬಾರದು ತಿರು. ಅದನ್ನ ನೋಡಿದ್ರೆ ತಿಂಗಳು ಎಣಿಸೋ ಹಾಗಾಗತ್ತೆ." ನಾನು ಹೂಂ ಎಂದೆ. ಬಂದ ದಿನವೇ ಬೋಳಿಸಿ ಮುಂದಿನ ವಾರವೇ ನಿನ್ನ ಮುಂದೆ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಒಂದು ದಿನ ಬ್ಲೇಡು ಮೊಂಡು ಎಂದುಕೊಂಡೆ, ಇನ್ನೊಂದು ದಿನ ಲೋಕಲ್ ತಪ್ಪಿಹೋಗುತ್ತೆ ಎಂದುಕೊಂಡೆ. ಗಡ್ಡ ಅಡ್ಡ ಇದ್ದುದರಿಂದ ನಾನು ಬರಲಿಲ್ಲ; ನಾನು ಬರಲಿಲ್ಲವೆಂದು ನೀನು ಫೋನು ತೆಗೆಯಲಿಲ್ಲ. ನಿನ್ನ ತಪ್ಪೇನೂ ಇಲ್ಲ. ಕೇಳಿದ್ದು ಇಷ್ಟೇ ಇಷ್ಟು, ಅದನ್ನೂ ಮಾಡಲಿಲ್ಲ ಇವನು ಅಂತ ಯಾರಿಗಾದರೂ ಅನ್ನಿಸುತ್ತದೆ.

ಕೊನೆಗೆ ತೆಗೆಸಿದ್ದು ರಮಾನಾಥ ಶೆಟ್ಟರು. ಮಾಟುಂಗದ ಹೋಟೆಲಿನ ಗಲ್ಲಾದಲ್ಲಿ ಕೂತು ಬಂದವರ ಗಲ್ಲ ನೋಡಿಯೇ ಹಸಿವು ಅಳೆಯುವ ನಮ್ಮ ರಮಾನಾಥರು. ಮಂಡಿನೋವಿನ ಔಷಧಿಗೆಂದು ಊರಿಗೆ ಹೋದವರು ಕಳೆದ ವಾರವಷ್ಟೇ ಉಡುಪಿಯಿಂದ ಬಂದಿದ್ದಾರೆ. ನಡುವೆ ಆದದ್ದೇನೂ ಅವರಿಗೆ ಗೊತ್ತಿಲ್ಲ. ನನ್ನನ್ನು ಕಂಡದ್ದೇ ಅಷ್ಟು ದೂರದಿಂದ, "ಎಂತ ಮಾರಾಯ್ರೇ, ಗಡ್ಡ ಎದೆಗೆ ಇಳಿದಿದೆ! ಇನ್ನೆಷ್ಟು ತಿಂಗಳುಂಟು? ಅಮ್ಮನವರು ತವರಿಗೆ ಹೋಗಿಯಾಯ್ತಾ?" ಎಂದು ಕೂಗಿದರು. ಇಡೀ ಹೋಟೆಲು ತಿರುಗಿ ನೋಡಿ ನಕ್ಕಿತು, ಒಳ್ಳೆಯ ನಗು, ಅದರಲ್ಲಿ ಏನೂ ಕೆಟ್ಟದ್ದಿಲ್ಲ. ಇಲ್ಲ ಶೆಟ್ಟರೆ ಎಂದು ಹೇಳಬೇಕೆಂದು ಬಾಯಿ ತೆರೆದೆ. "ಸೆಪ್ಟೆಂಬರ್" ಎಂದೆ. ನಾನು ಕೇಳದಿದ್ದರೂ ಒಂದು ತಟ್ಟೆ ಶೀರಾ ಬಂತು. "ಇದು ನಿಮ್ಮ ಪಾಲಿನದಲ್ಲ, ಬರುವವರ ಪಾಲಿನದು" ಎಂದರು ಶೆಟ್ಟರು. ಅಷ್ಟನ್ನೂ ತಿಂದೆ ಧಾತ್ರಿ. ತಟ್ಟೆಯಲ್ಲಿ ಒಂದು ದ್ರಾಕ್ಷಿಯನ್ನೂ ಬಿಡಲಿಲ್ಲ.

ಮನೆಗೆ ಬಂದವನು ಚಪ್ಪಲಿಯನ್ನೂ ಬಿಡದೆ ಬಚ್ಚಲಿಗೆ ನುಗ್ಗಿದೆ. ತಣ್ಣೀರು, ಮೈಸೋಪು, ಫೆಬ್ರವರಿಯಿಂದ ಮೂಲೆಯಲ್ಲಿ ಕೂತಿದ್ದ ಹಳೇ ರೇಜರ್. ಗಡ್ಡವನ್ನು ಮೊದಲು ಕತ್ತರಿಯಲ್ಲಿ ಗಿಡ್ಡ ಮಾಡಿಕೊಳ್ಳಬೇಕು ಎಂಬಷ್ಟು ಬುದ್ಧಿಯೂ ಓಡಲಿಲ್ಲ. ಚರ್ಮವನ್ನು ಜಗ್ಗಿ ಹಿಡಿದು, ಕುತ್ತಿಗೆಯಿಂದ ಮೇಲಕ್ಕೆ, ಕೂದಲು ಬೆಳೆದ ದಿಕ್ಕಿಗೆ ಎದುರಾಗಿ, ಎಳೆದ ಜಾಗದಲ್ಲೇ ಮತ್ತೆ ಮತ್ತೆ ಎಳೆದೆ. ಕೈ ನಿಲ್ಲುತ್ತಿರಲಿಲ್ಲ. ಆಮೇಲೆ ಕನ್ನಡಿಯಲ್ಲಿ ನೋಡಿದರೆ ಆರು ವರ್ಷದ ಹಿಂದೆ ನಿನ್ನನ್ನು ನೋಡಲು ಬಂದ ಹುಡುಗ ಯಾರ ಕೈಯಲ್ಲೋ ಹೊಡೆಸಿಕೊಂಡು ಬಂದ ಹಾಗಿದ್ದ. ಮುಖಭಂಗ ಎಂಬ ಪದದ ಅರ್ಥ ಇಷ್ಟು ದಿನಕ್ಕೆ ತಿಳಿಯಿತು.

ಮರುದಿನ ಕೆನ್ನೆಯೆಲ್ಲ ಉರಿ, ಅದರಾಚೆ ದಿನ ಕುತ್ತಿಗೆ ತುಂಬ ಕೆಂಪು ಗುಳ್ಳೆ. ನನ್ನದು ನರಿಬುದ್ಧಿ ಎಂದು ನೀನು ಮೊದಲಿನಿಂದಲೂ ಹೇಳುತ್ತಿದ್ದೆ, ಈಗ ಗುಳ್ಳೆಯೂ ಸೇರಿ ಹೆಸರು ಪೂರ್ತಿಯಾಯಿತು. ಇಂದ್ರಾಬಾಯಿ ಬಾಗಿಲಲ್ಲೇ ನಿಂತು, "ಅಯ್ಯ ಸಾಹೇಬ್ರ, ಮಾರಿ ಯಾಕ್ರೀ ಹಿಂಗಾಗೇದ? ಗ್ವಾಡಿಗಿ ತಿಕ್ಕೀರೇನು?" ಎಂದಳು. ಅವಳ ಕಲಬುರಗಿ ಕನ್ನಡದಲ್ಲಿ ಮಾರಿ ಎಂದರೆ ಮುಖ, ನಮ್ಮ ಕಡೆ ಅದರ ಅರ್ಥ ಬೇರೆ. ಅವತ್ತು ಎರಡೂ ಸರಿಯಾಗಿತ್ತು. ಲಿಂಬೆಹಣ್ಣು ತಿಕ್ಕಿದರೆ ಒಂದೇ ದಿನದಲ್ಲಿ ಹೋಗುತ್ತದೆಂದು ಅವಳ ಸಲಹೆ. ತಿಕ್ಕಿದೆ. ನಾನು ಹಾಕಿದ ಕೂಗಿಗೆ ಹಾರ್ಬರ್ ಲೈನಿನ ಲೋಕಲ್ ಒಂದು ಕ್ಷಣ ನಿಂತಿರಬೇಕು. ಅದು ಸಾಲದೆಂದು ನಿನ್ನ ಹುಬ್ಬಿನ ಚಿಮಟ ಹುಡುಕಿ ಗುಳ್ಳೆಗಳನ್ನು ಕೆದಕಿ ಕೂದಲು ಕೀಳಲು ಹೋದೆ. ಕೀವು ಬಂತು.

ಸ್ಟೇಷನ್ ಪಕ್ಕದ ಚರ್ಮದ ಡಾಕ್ಟರು, ವಂದನಾ ಎಂದು ಹೆಸರು, ದೀಪ ಹಿಡಿದು ನೋಡಿ ನಕ್ಕುಬಿಟ್ಟರು. ಬುಡದವರೆಗೆ ಬೋಳಿಸಿದ ಕೂದಲು ಚೂಪಾಗಿ, ಬಾಗಿ, ಹೊರಗೆ ಬರುವುದರ ಬದಲು ತಿರುಗಿ ಚರ್ಮದೊಳಕ್ಕೇ ಬೆಳೆಯುತ್ತದಂತೆ. ಚರ್ಮ ಅದನ್ನು ಪರರ ವಸ್ತುವೆಂದು ತಿಳಿದು ಬಾತುಕೊಳ್ಳುತ್ತದಂತೆ. ನನ್ನ ಕೂದಲು ಅಂತರ್ಮುಖಿ ಆಗಿದೆ, ಯಜಮಾನನ ಗುಣ ಎಂದೆ. ಅವರಿಗೆ ಕನ್ನಡ ಬರುವುದಿಲ್ಲ. ಬೆಳಿಗ್ಗೆ ಸಂಜೆ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದ ಬಟ್ಟೆ ಇಡಬೇಕು, ಕೊಟ್ಟ ಮುಲಾಮು ತೆಳ್ಳಗೆ ಹಚ್ಚಬೇಕು, ಕೆರೆಯಬಾರದು, ಕೀಳಬಾರದು, ಪರಿಮಳದ ಲೋಷನ್ ಹತ್ತಿರ ಸುಳಿಯಬಾರದು. ಮುಂದೆ ಬೋಳಿಸುವಾಗ ಬಿಸಿನೀರಲ್ಲಿ ಕೂದಲು ಮೆತ್ತಗಾಗಲು ಬಿಟ್ಟು, ನೊರೆ ಹಚ್ಚಿ, ಹೊಸ ಬ್ಲೇಡಿನಲ್ಲಿ, ಬೆಳೆದ ದಿಕ್ಕಿಗೇ, ಒತ್ತದೆ, ಚರ್ಮ ಎಳೆಯದೆ ಸವರಬೇಕು. ಇದನ್ನೆಲ್ಲ ಹೇಳಿ ಕೊನೆಗೆ, "ಲೇಕಿನ್ ಅಭೀ ಏಕ್ ಮಹೀನಾ ರೇಜರ್ ಕೋ ಹಾಥ್ ನಹೀ ಲಗಾನಾ" ಎಂದರು. ಒಂದು ತಿಂಗಳು ರೇಜರ್ ಮುಟ್ಟುವಂತಿಲ್ಲ. ಕೂದಲು ಬೆಳೆದರೇ ಅದರ ತುದಿ ಹೊರಗೆ ಬರುವುದು, ಗುಳ್ಳೆ ಇಳಿಯುವುದು. ಅಲ್ಲಿಯವರೆಗೆ ಏನು ಮಾಡಲಿ ಎಂದು ಕೇಳಿದೆ. "ಬಢನೇ ದೋ." ಬೆಳೆಯಲು ಬಿಡಿ.

ಹೀಗೆ ಮುಖಕ್ಕೆ ಕತ್ತಿ ತಾಕಿಸಬೇಡ ಎಂದು ಅಪ್ಪಣೆ ಕೊಟ್ಟವರು ಈ ವರ್ಷ ಇಬ್ಬರಾದರು. ಮೊದಲನೆಯವರು ನಿಮ್ಮಮ್ಮ.

ಈಗ ಮತ್ತೆ ಕರ್ರಗೆ ಚಿಗುರುತ್ತಿದೆ. ನೀನು ಬೇಡವೆಂದ ಮುಖವೇ ಮೆಲ್ಲಗೆ ವಾಪಸು ಬರುತ್ತಿದೆ, ಈ ಸಲ ಯಾರಿಗಾಗಿಯೂ ಅಲ್ಲ. ಒಂದು ತಿಂಗಳು ಕಾದು ನುಣ್ಣಗಾಗಿಯೇ ಬರಬಹುದು. ಆದರೆ ಇನ್ನೊಂದು ತಿಂಗಳು ನೀನು ಅಲ್ಲಿ, ನಾನು ಇಲ್ಲಿ ಎಂದರೆ, ಆಮೇಲೆ ಯಾವ ಮುಖ ಹೊತ್ತು ಬಂದರೂ ಒಂದೇ ಆಗಿಬಿಡುತ್ತದೇನೋ ಎಂದು ಹೆದರಿಕೆ. ಹಾಗಾಗಿ ಕೇಳುತ್ತಿದ್ದೇನೆ. ಈ ಮುಖದಲ್ಲೇ ಬರಲೆ? ನೀನು ನೋಡದಿದ್ದರೂ ಸರಿ. ನಾನು ನಡುಮನೆಯಲ್ಲಿ ಗೋಡೆ ಕಡೆ ತಿರುಗಿ ಕೂರುತ್ತೇನೆ, ನೀನು ರೂಮಿನಲ್ಲಿರು. ಬೇಡವಾದರೆ ಅತ್ತೆಯ ಕೈಲಿ ಒಂದು ಮಾತು ಹೇಳಿಸು. ಏನೂ ಹೇಳದಿದ್ದರೆ ಶುಕ್ರವಾರ ರೈಲು ಹತ್ತುತ್ತೇನೆ.

ಅತ್ತೆಗೆ ನಮಸ್ಕಾರ ತಿಳಿಸು. ಶಾಸ್ತ್ರ ಹೇಳಿದೆನಲ್ಲ ಎಂದು ತಮ್ಮನ್ನೇ ಬೈದುಕೊಳ್ಳುತ್ತಿದ್ದಾರಂತೆ, ಅಳಿಯನಿಗೆ ಅಂಥ ಯೋಚನೆ ಕನಸಲ್ಲೂ ಇಲ್ಲ ಎನ್ನು. ಮಾತ್ರೆ ನುಂಗು. ಬೆಚ್ಚಗಿರು.

ನಿನ್ನ,
ತಿರು

ಅಂಟಿಸುವ ಮೊದಲು ಇನ್ನೊಂದು ಮಾತು. ಬ್ಲೇಡು ಮೊಂಡಾಗಿತ್ತು, ಲೋಕಲ್ ತಪ್ಪುತ್ತಿತ್ತು ಎಂದದ್ದೆಲ್ಲ ಸುಳ್ಳು. ಆಸ್ಪತ್ರೆಯಲ್ಲಿ ಮಗುವನ್ನು ನೋಡ್ತೀರಾ ಎಂದು ಕೇಳಿದಾಗ ನೀನು ಗೋಡೆ ಕಡೆ ತಿರುಗಿದೆಯಲ್ಲ, ನಾನು ಹೊರಗೆ ಹೋಗಿ ನೋಡಿದೆ. ನೀನು ಕೇಳಲಿಲ್ಲ, ನಾನು ಹೇಳಲಿಲ್ಲ. ಬಟ್ಟೆಯಲ್ಲಿ ಸುತ್ತಿ ಕೈಗೆ ಕೊಟ್ಟರು. ಬಗ್ಗಿ ಕೆನ್ನೆಗೆ ಕೆನ್ನೆ ತಾಗಿಸಿದೆ. ಅವಳನ್ನು ಮುಟ್ಟಿದ್ದು ನನ್ನಲ್ಲಿ ಆ ಗಡ್ಡ ಒಂದೇ, ಅದನ್ನು ಹೇಗೆ ತೆಗೆಯಲಿ ಹೇಳು. ವಯಸ್ಸಾದ ನರ್ಸ್ ಒಬ್ಬಳು ಪಕ್ಕದಲ್ಲಿದ್ದಳು, ಎಷ್ಟು ಮಕ್ಕಳನ್ನು ಎಷ್ಟು ಅಪ್ಪಂದಿರ ಕೈಗೆ ಕೊಟ್ಟವಳೋ, ಅಭ್ಯಾಸದಲ್ಲಿ ಬಾಯಿಗೆ ಬಂದುಬಿಟ್ಟಿತು: "ಜರಾ ಜಪೂನ್ ಸಾಹೇಬ್, ದಾಢೀ ಟೋಚೇಲ್ ತಿಲಾ." ಮೆಲ್ಲಗೆ, ಗಡ್ಡ ಚುಚ್ಚುತ್ತೆ ಅವಳಿಗೆ ಅಂತ. ನಾನು ತಟ್ಟನೆ ಮುಖ ಹಿಂದಕ್ಕೆ ತೆಗೆದೆ ಧಾತ್ರಿ, ನೋವಾದೀತು ಅಂತ.