ಆರನೇ ಸ್ಟೇಷನ್ನಿನ ನೀರು

ಅರಬ್ಬೀ ಸಮುದ್ರದಿಂದ, ಪಣಂಬೂರಿಗೆ ವಾಪಸಾಗುವ ದಾರಿಯಲ್ಲಿ
27 ಸೆಪ್ಟೆಂಬರ್ 2024

ಅಮ್ಮನಿಗೆ,

ಅಲ್ಲಾಡುವ ಮೇಜಿನ ಮೇಲಿಂದ ನಿನ್ನ ಮಗಳ ನಮಸ್ಕಾರ. ನಾನು ಕ್ಷೇಮ ಎಂದು ಶುರು ಮಾಡಬೇಕು, ಆದರೆ ಬೆಳಿಗ್ಗೆಯಿಂದ ಕಾಗದ ಹಿಡಿದು ಕೂತಿರುವುದು ಇದು ಮೂರನೇ ಸಲ. ಎರಡು ಸಲವೂ ಎದ್ದು ಹೋಗಿ ಡೆಕ್ಕಿನ ಮೇಲೆ ಸುಮ್ಮನೆ ನಾಲ್ಕು ಸುತ್ತು ಹಾಕಿ ಬಂದೆ. ಅಡುಗೆಯವರು ಕರೆದು ಟೀ ಕೊಟ್ಟರು, ಅದನ್ನೂ ಅರ್ಧಕ್ಕೆ ಬಿಟ್ಟೆ. ಈ ಹಡಗು ಒಂದು ಗಳಿಗೆ ನೆಟ್ಟಗೆ ನಿಲ್ಲುವುದಿಲ್ಲ, ನಾನೂ ಹಾಗೇ ಆಗಿದ್ದೇನೆ.

ಸಿಗ್ನಲ್ ಬಂದ ಮೇಲೆ ಫೋನ್ ಮಾಡಿದ್ದರೆ ಆಗುತ್ತಿರಲಿಲ್ಲವೇ ಎಂದು ನೀನು ಕೇಳುತ್ತೀಯ. ಫೋನಿನಲ್ಲಿ ನಿನ್ನ ಹತ್ತಿರ ಒಂದು ಮಾತನ್ನು ಪೂರ್ತಿ ಹೇಳಿ ಮುಗಿಸಿದವರು ನಮ್ಮ ವಂಶದಲ್ಲಿ ಯಾರಿದ್ದಾರೆ? ನಾನು ಬಾಯಿ ತೆರೆಯುವಷ್ಟರಲ್ಲಿ ನೀನು ಊಟ ಆಯಿತಾ ಎಂದು ಕೇಳಿ, ಆಯಿತು ಎನ್ನುವಷ್ಟರಲ್ಲಿ ಏನು ಸಾರು ಎಂದು ಕೇಳಿ, ಆಮೇಲೆ ಅಪ್ಪನ ಮೊಣಕಾಲಿನ ವಿಷಯಕ್ಕೆ ಹೋಗಿಬಿಡುತ್ತೀಯ. ಕಾಗದವಾದರೆ ನೀನು ಮಧ್ಯೆ ಬಾಯಿ ಹಾಕಲು ಆಗುವುದಿಲ್ಲ.

ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಧೈರ್ಯ ಇರುತ್ತದೋ ಇಲ್ಲವೋ. ಅಮ್ಮ, ನಾನು ಇಲ್ಲಿ ಒಂದು ಸುಳ್ಳು ಅಂಕಿ ಬರೆದಿದ್ದೇನೆ. ಬರೆದು ಮೂರು ದಿನವಾಯಿತು. ನಾಳೆ ಬೆಳಿಗ್ಗೆ ಹಡಗು ಬಂದರು ಸೇರುತ್ತದೆ. ಅಷ್ಟರೊಳಗೆ ನಮ್ಮ ತಂಡದ ಮುಖ್ಯಸ್ಥರಾದ ಮನೋಹರ್ ಸರ್ ಹತ್ತಿರ ಹೋಗಿ ಒಪ್ಪಿಕೊಳ್ಳದಿದ್ದರೆ ಆ ಅಂಕಿ ನಿಜವೆಂದೇ ಎಲ್ಲ ಕಡೆ ಹೋಗಿಬಿಡುತ್ತದೆ. ಒಪ್ಪಿಕೊಂಡರೆ ಮುಂದಿನ ಸಲ ನನ್ನನ್ನು ಹಡಗು ಹತ್ತಿಸುತ್ತಾರೋ ಇಲ್ಲವೋ ಗೊತ್ತಿಲ್ಲ.

ನೀನು ನಮ್ಮೂರು ಮಧುರೆಯಲ್ಲಿ ಕಂಡಕಂಡವರಿಗೆಲ್ಲ ನನ್ನ ಮಗಳು ಮೀನು ಡಿಪಾರ್ಟ್‌ಮೆಂಟಿನಲ್ಲಿದ್ದಾಳೆ ಎಂದು ಹೇಳಿಕೊಂಡು ತಿರುಗುತ್ತೀಯ. ನಾನು ಮೀನಿನ ಮುಖ ನೋಡುವುದು ಊಟದ ತಟ್ಟೆಯಲ್ಲಿ ಮಾತ್ರ. ನನ್ನ ಕೆಲಸ ಏನೆಂದು ಈಗಲಾದರೂ ಕೇಳಿಸಿಕೋ. ದಡದಲ್ಲಿ ನೆಲ ಮುಗಿದುಹೋಗುವುದಿಲ್ಲ. ನಮ್ಮ ಕೆರೆಯ ಅಂಗಳದ ಹಾಗೆ ಅದು ನೀರಿನ ಕೆಳಗೂ ಮೆಲ್ಲಗೆ ಇಳಿಜಾರಾಗಿ ಎಂಬತ್ತು ತೊಂಬತ್ತು ಕಿಲೋಮೀಟರ್ ಹೋಗಿ, ಆಮೇಲೆ ಒಮ್ಮೆಲೇ ಆಳಕ್ಕೆ ಕುಸಿಯುತ್ತದೆ. ದಡದಿಂದ ಆ ಅಂಚಿನವರೆಗೆ ನೇರ ಒಂದು ಗೆರೆ ಎಳೆದು ಅದರ ಮೇಲೆ ಹತ್ತು ಜಾಗ ಗುರುತು ಮಾಡಿದ್ದಾರೆ. ಅವುಗಳಿಗೆ ಸ್ಟೇಷನ್ ಎಂದು ಹೆಸರು. ಹೆಸರಿಗೆ ಸ್ಟೇಷನ್, ಅಲ್ಲಿ ಒಂದು ಬೋರ್ಡೂ ಇಲ್ಲ, ನಾಲ್ಕೂ ಕಡೆ ನೀರು. ಹನ್ನೊಂದು ವರ್ಷದಿಂದ ನಮ್ಮ ಸಂಸ್ಥೆಯವರು ತಪ್ಪದೆ ಅದೇ ಹತ್ತು ಜಾಗಕ್ಕೆ ಹೋಗಿ ಹಡಗು ನಿಲ್ಲಿಸಿ ನೀರಿನ ಬಿಸಿ, ಉಪ್ಪು, ಆಮ್ಲಜನಕ ಅಳೆಯುತ್ತಾರೆ. ಆಮೇಲೆ ಸೀರೆ ಬಟ್ಟೆಯಷ್ಟು ಸಣ್ಣ ಕಣ್ಣಿನ ಬಲೆಯೊಂದನ್ನು ಇಳಿಸಿ ಎಳೆಯುತ್ತಾರೆ. ಅದರಲ್ಲಿ ಸಿಗುವ ಕಣ್ಣಿಗೆ ಕಂಡೂ ಕಾಣದ ಜೀವಿಗಳೇ ಪ್ಲಾಂಕ್ಟನ್. ಬೂತಾಯಿ, ಬಂಗುಡೆ ಎಲ್ಲ ಬದುಕುವುದು ಇದನ್ನು ತಿಂದು. ಇದು ಕಡಿಮೆಯಾದರೆ ಮೀನೂ ಕಡಿಮೆ.

ಬಲೆಯ ಬಾಯಲ್ಲಿ ಪುಟ್ಟ ಫ್ಯಾನಿನಂಥ ಒಂದು ಮೀಟರ್ ಇದೆ. ಬಲೆಯೊಳಗೆ ನೀರು ನುಗ್ಗಿದಷ್ಟೂ ಅದು ತಿರುಗಿ, ಮನೆಯ ಕರೆಂಟ್ ಮೀಟರಿನ ಹಾಗೆ ಅಂಕಿ ಏರುತ್ತದೆ. ಡೆಕ್ಕಿನ ಮೇಲೆ ಗಾಳಿಗೂ ಅದು ತಿರುಗುವುದರಿಂದ, ಪ್ರತಿ ಸಲವೂ ಇಳಿಸುವ ಮುಂಚೆ ಒಂದು ಅಂಕಿ, ಎತ್ತಿದ ಮೇಲೆ ಒಂದು ಅಂಕಿ ಬರೆದುಕೊಳ್ಳಬೇಕು. ಒಂದು ಹಿಡಿ ಜೀವಿಗಳು ಒಂದು ಬಿಂದಿಗೆ ನೀರಿನಲ್ಲಿ ಸಿಕ್ಕವೋ ಒಂದು ತೊಟ್ಟಿ ನೀರಿನಲ್ಲಿ ಸಿಕ್ಕವೋ ಎಂದು ತಿಳಿಯುವುದು ಅದರಿಂದಲೇ. ಆ ಎರಡು ಅಂಕಿ ಬರೆಯುವವಳು ನಾನು.

ಆರನೇ ಸ್ಟೇಷನ್ನಿನಲ್ಲಿ ನಾನು ಮೊದಲನೇ ಅಂಕಿ ಬರೆಯಲಿಲ್ಲ. ಕೈಯಲ್ಲಿ ಪೆನ್ನಿತ್ತು, ಪುಸ್ತಕವಿತ್ತು, ಮೀಟರನ್ನು ಕಣ್ಣಾರೆ ನೋಡಿದೆ. ಆದರೆ ಮನಸ್ಸು ಅಲ್ಲಿರಲಿಲ್ಲ. ಎಲ್ಲಿತ್ತು ಎಂಬುದನ್ನು ಆಮೇಲೆ ಹೇಳುತ್ತೇನೆ. ಬಲೆ ಇಳಿಸಿ ಎತ್ತುವ ವಿಂಚ್ ನಡೆಸುವ ಚಿನ್ನಸ್ವಾಮಿ, ಕೋಲಾರದ ಕಡೆಯವರು, "ಬರ್ಕೊಂಡ್ರಾ ಮೇಡಂ, ಬಿಡ್ಲಾ?" ಎಂದು ಕೇಳಿದರು. ನಾನು ತಲೆ ಆಡಿಸಿದೆ. ಬಲೆ ನೀರಿಗಿಳಿದು ಕಣ್ಮರೆಯಾದ ಮೇಲೆ ಪುಸ್ತಕ ನೋಡಿಕೊಂಡರೆ ಆ ಜಾಗ ಖಾಲಿ.

ಮತ್ತೊಮ್ಮೆ ಎಳೆಯೋಣ ಎಂದು ಒಂದು ಮಾತು ಹೇಳಿದ್ದರೆ ಮುಗಿದಿತ್ತು, ಅರ್ಧ ಗಂಟೆಯ ಕೆಲಸ. ಆದರೆ ಗಾಳಿ ಜೋರಾಗುತ್ತಿತ್ತು, ಇನ್ನೂ ನಾಲ್ಕು ಸ್ಟೇಷನ್ ಬಾಕಿ, ಕ್ಯಾಪ್ಟನ್ ಮೇಲಿಂದ ಬೇಗ ಬೇಗ ಎಂದು ಅವಸರ ಮಾಡುತ್ತಿದ್ದರು. ಬಲೆ ಮೇಲೆ ಬಂದಾಗ ಅದರ ತುಂಬ ಜೆಲ್ಲಿ ಮೀನು ಗಂಜಿಯ ಹಾಗೆ ಮೆತ್ತಿಕೊಂಡಿತ್ತು. ನಾನು ಏನು ಮಾಡಿದೆ ಗೊತ್ತಾ? ಐದನೇ ಸ್ಟೇಷನ್ನಿನಲ್ಲಿ ಎಷ್ಟು ತಿರುಗಿತ್ತೋ ಇಲ್ಲೂ ಅಷ್ಟೇ ತಿರುಗಿರುತ್ತದೆ ಎಂದುಕೊಂಡು, ಕೊನೆಯ ಅಂಕಿಯಿಂದ ಅಷ್ಟನ್ನು ಕಳೆದು, ಮೊದಲಿನ ಜಾಗದಲ್ಲಿ ಬರೆದುಬಿಟ್ಟೆ. ಅಕ್ಷರವೂ ದುಂಡಗೆ ಬಂತು.

ಜೆಲ್ಲಿ ಕಟ್ಟಿಕೊಂಡ ಬಲೆಯಲ್ಲಿ ನೀರೇ ಸರಿಯಾಗಿ ಹಾದಿರುವುದಿಲ್ಲ ಎಂದು ನನಗೆ ಹೊಳೆದದ್ದು ಮಾರನೇ ದಿನ. ಅಷ್ಟರಲ್ಲಿ ಮನೋಹರ್ ಸರ್ ಲೆಕ್ಕ ಹಾಕಿ, ಅಷ್ಟು ನೀರಿನಲ್ಲಿ ಇಷ್ಟೇ ಪ್ಲಾಂಕ್ಟನ್ನಾ ಎಂದು ಕುರ್ಚಿಯಿಂದ ಎದ್ದೇಬಿಟ್ಟಿದ್ದರು. ಹನ್ನೊಂದು ವರ್ಷದಲ್ಲಿ ಆ ಜಾಗದಲ್ಲಿ ಇಷ್ಟು ಕಡಿಮೆ ಎಂದೂ ಬಂದಿಲ್ಲವಂತೆ. ಮಳೆಗಾಲದ ಕೊನೆಗೆ ಆಳದಿಂದ ಆಮ್ಲಜನಕ ಕಡಿಮೆಯಿರುವ ನೀರು ಮೇಲೆ ಬರುವುದುಂಟು, ಈ ಸಲ ಅದು ಅಲ್ಲಿಯವರೆಗೂ ಬಂದು ಎಲ್ಲವನ್ನೂ ಓಡಿಸಿರಬೇಕು ಎಂದರು. ದಡ ಸೇರಿದ ಕೂಡಲೇ ಮೀನುಗಾರರ ಸಂಘದವರಿಗೆ ತಿಳಿಸುತ್ತಾರಂತೆ, ಆ ಭಾಗಕ್ಕೆ ಹೋಗಿ ಡೀಸೆಲ್ ಸುಡಬೇಡಿ ಎಂದು. ಎಷ್ಟು ದೋಣಿಗಳೋ, ನನ್ನ ದುಂಡನೆಯ ಅಕ್ಷರ ನಂಬಿಕೊಂಡು ಬೇರೆ ದಿಕ್ಕಿಗೆ ಹೋಗುತ್ತವೆ.

ಮೂರು ದಿನದಿಂದ ಹೇಳಲು ಹೋಗುತ್ತೇನೆ, ಅವರು ನಗುತ್ತಾರೆ, ನಾನು ವಾಪಸು ಬರುತ್ತೇನೆ. ಅವರಿಗೆ ನನ್ನ ಮೇಲೆ ಎಲ್ಲಿಲ್ಲದ ನಂಬಿಕೆ. ತೊಳೆದ ಪ್ರತಿಯೊಂದು ಜಾಡಿಯನ್ನೂ ನಾನು ಬೋರಲು ಹಾಕಿ, ಒಂದು ಹನಿ ನೀರೂ ಇಲ್ಲವೆಂದು ಬೆರಳಿಟ್ಟು ನೋಡಿ, ಆಮೇಲೇ ಮುಂದಿನ ಸ್ಯಾಂಪಲ್ ಸುರಿಯುವುದು. ಉಳಿದವರು ಅದನ್ನು ಆಡಿಕೊಳ್ಳುತ್ತಾರೆ. ಸರ್ ಮಾತ್ರ ಇದನ್ನು ಎಲ್ಲಿ ಕಲಿತೆ ಎಂದು ಕೇಳಿದ್ದರು. ನಮ್ಮಮ್ಮ ಹಾಲಿನ ಡೇರಿಯಲ್ಲಿ ಟೆಸ್ಟರ್ ಎಂದೆ. ಹಾಗಾದರೆ ನೀನು ಹುಟ್ಟುತ್ತಲೇ ವಿಜ್ಞಾನಿ ಎಂದು ಎಲ್ಲರೆದುರು ಹೊಗಳಿದರು.

ಡೇರಿಯ ಮಾತು ಬಂದಿದ್ದಕ್ಕೆ ಇದನ್ನೂ ಬರೆದುಬಿಡುತ್ತೇನೆ. ಹಡಗು ಹತ್ತುವ ಹಿಂದಿನ ದಿನ ನೀನು ಫೋನ್ ಮಾಡಿದ್ದೆಯಲ್ಲ, ಸಪ್ಪಲಮ್ಮ ತಮ್ಮನ ಮನೆಯ ನಾಮಕರಣಕ್ಕೆ ಊರಿಗೆ ಬಂದಿದ್ದಳು, ಬಸ್ ಸ್ಟಾಪಿನಲ್ಲಿ ನಿನ್ನನ್ನು ಕಂಡು ಗೋಡೆ ಕಡೆ ಮುಖ ತಿರುಗಿಸಿದಳು ಎಂದು. "ಹಾಲಿಗ್ ನೀರ್ ಹಾಕ್ದೋಳು ಅವ್ಳು, ಮುಖ ತಿರುಗ್ಸೋದು ನನ್ ನೋಡಿ! ಹದ್ನಾರು ವರ್ಷ ಆದ್ರೂ ಕೊಬ್ಬು ಇಳ್ದಿಲ್ಲ" ಎಂದು ಬೈದೆ. ಆಮೇಲೆ ನಿನ್ನ ದನಿ ಸಣ್ಣಗಾಯಿತು. "ಸೊರಗೋಗವ್ಳೆ ಕಣೆ" ಎಂದೆ. ಅಷ್ಟು ಹೇಳಿ ಫೋನ್ ಇಟ್ಟೆ, ಅಪ್ಪನ ಮೊಣಕಾಲಿನ ವಿಷಯವನ್ನೂ ಹೇಳಲಿಲ್ಲ.

ನಾನು ಹುಟ್ಟಿದಾಗ ನಿನ್ನ ಬಾಣಂತನ ಮಾಡಿದವಳು ಅವಳು. ಅಜ್ಜಿ ಇರಲಿಲ್ಲ, ಮೂರು ತಿಂಗಳು ದಿನವೂ ಬಂದು ನನಗೆ ಎಣ್ಣೆ ಹಚ್ಚಿ ಕಾಲ ಮೇಲೆ ಹಾಕಿಕೊಂಡು ನೀರು ಹುಯ್ದಳು ಎಂದು ನೀನೇ ಎಷ್ಟು ಸಲ ಹೇಳಿದ್ದೀಯ. ಆದಿಲಕ್ಷ್ಮಮ್ಮ ಎಂಬ ನಿನ್ನ ಉದ್ದದ ಹೆಸರನ್ನು ಆದಿ ಎಂದು ಕರೆಯುತ್ತಿದ್ದವಳು ಊರಲ್ಲಿ ಅವಳೊಬ್ಬಳೇ. ಆವತ್ತಿನ ಬೆಳಿಗ್ಗೆ ನನಗೆ ಚೆನ್ನಾಗಿ ನೆನಪಿದೆ, ನನಗೆ ಹನ್ನೊಂದು ವರ್ಷ, ನಾನು ನಿನ್ನ ಪಕ್ಕದಲ್ಲೇ ಇದ್ದೆ. ಹಾಲಿನ ಲಾರಿ ರಸ್ತೆಯಲ್ಲಿ ನಿಂತು ಹಾರ್ನ್ ಹೊಡೆಯುತ್ತಿತ್ತು. ನೀನು ಅವಳ ಹಾಲನ್ನು ಸ್ಟೀಲಿನ ಜಾರಿಗೆ ಸುರಿದು ಲ್ಯಾಕ್ಟೋಮೀಟರ್ ಬಿಟ್ಟೆ, ನೀರು ಬೆರೆತ ಹಾಲಿನಲ್ಲಿ ಮುಳುಗುವ ಹಾಗೆ ಗಾಜಿನ ಕಡ್ಡಿ ಮುಳುಗಿತು. ರೀಡಿಂಗ್ ಇಳಿದರೆ ಎರಡನೇ ಸಲ ನೋಡುವವಳು ನೀನು, ಆವತ್ತು ನೋಡಲಿಲ್ಲ. ನಿನ್ನ ನಾಲಿಗೆ ಕೇಳಬೇಕೇ? "ಏನ್ ಸಪ್ಪಲಮ್ಮ, ಹಸೂಗ್ ನೀರ್ ಕುಡಿಸ್ದಾ, ಕ್ಯಾನ್‌ಗೇ ಕುಡಿಸ್ಬಿಟ್ಯಾ?" ಎಂದೆ. ಸಾಲಿನಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಅವಳು ಜಗಳವಾಡಲಿಲ್ಲ. ಕ್ಯಾನ್ ಎತ್ತಿ ಅಷ್ಟೂ ಹಾಲನ್ನು ಡೇರಿ ಮುಂದಿನ ಚರಂಡಿಗೆ ಸುರಿದು, "ನಿನ್ ಗಾಜಿನ್ ಕಡ್ಡಿ ಹೇಳ್ದಂಗೇ ಆಗ್ಲಿ ಬಿಡು, ಆದಿ" ಎಂದು ಹೊರಟುಹೋದಳು. ಆ ವರ್ಷವೇ ಹಸು ಮಾರಿ ಹೊಸಕೋಟೆಗೆ ಮಗಳು ಕವಿತಳ ಮನೆಗೆ ಹೋದಳು.

ಇರು, ಇಲ್ಲಿಗೆ ನಿಲ್ಲಿಸುತ್ತೇನೆ. ಈಗಲೇ ಸರ್ ಹತ್ತಿರ ಹೋಗಿ ಬರುತ್ತೇನೆ.

ಈಗ ಸಂಜೆ ನಾಲ್ಕು ಗಂಟೆ. ಹೇಳಿ ಬಂದೆ, ಅಮ್ಮ.

ಮನೋಹರ್ ಸರ್ ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಬಲೆಯಲ್ಲಿ ಜೆಲ್ಲಿ ಎಷ್ಟಿತ್ತು ಎಂದು ಕೇಳಿದರು. ಹೇಳಿದೆ. ಲ್ಯಾಪ್‌ಟಾಪಿನಲ್ಲಿ ಬರೆದಿಟ್ಟಿದ್ದ ವರದಿ ತೆರೆದು ಆ ಭಾಗವನ್ನು ನನ್ನೆದುರೇ ಅಳಿಸಿದರು. ಮೂರು ದಿನದಿಂದ ಅವರ ಮುಖದಲ್ಲಿದ್ದ ಉತ್ಸಾಹ ಇಳಿದುಹೋಯಿತು, ಅದನ್ನು ನೋಡಲು ಆಗಲಿಲ್ಲ. ಪುಸ್ತಕದಲ್ಲಿ ಆರನೇ ಸ್ಟೇಷನ್ನಿನ ಸಾಲಿಗೆ ಕೆಂಪು ಗೆರೆ ಎಳೆದು, ಆರಂಭದ ಅಂಕಿ ದಾಖಲಾಗಿಲ್ಲ ಎಂದು ಬರೆದು, ಪಕ್ಕದಲ್ಲಿ ನನ್ನ ಸಹಿ ಹಾಕಿಸಿದರು. ಹನ್ನೊಂದು ವರ್ಷದಲ್ಲಿ ಅದೊಂದೇ ತೂತು, ಅದರ ಪಕ್ಕ ನಿನ್ನ ಮಗಳ ಹೆಸರು.

ನಾಳೆ ಬಂದರಿನಿಂದ ಮತ್ತೆ ಹೋಗಿ ಅಳೆದು ಬರೋಣವೇ, ನನ್ನ ರಜೆಯಲ್ಲೇ ಬರುತ್ತೇನೆ ಎಂದು ಕೇಳಿದೆ. "ಜಾಗ ಅಲ್ಲೇ ಇರುತ್ತಮ್ಮ. ಆವತ್ತಿನ ನೀರು ಎಲ್ಲಿಂದ ತರ್ತೀಯಾ?" ಎಂದರು. ಮುಂದಿನ ಸಲ ನನ್ನನ್ನು ಕರೆದುಕೊಂಡು ಹೋಗುವ ಬಗ್ಗೆ ಯೋಚಿಸಬೇಕು ಎಂದರು. ಬಾಗಿಲ ಹತ್ತಿರ ಬಂದಾಗ ಕರೆದು, ಆವತ್ತು ಮನಸ್ಸು ಎಲ್ಲಿತ್ತು ಎಂದು ಕೇಳಿದರು. ಊರಿನಲ್ಲಿ ಎಂದೆ, ಅಷ್ಟೇ ಹೇಳಿದೆ.

ಆಮೇಲೆ ಹೊರಗೆ ಬಂದು ಕಂಬಿ ಹಿಡಿದು ನಿಂತೆ. ಹೇಳಿದ ಮೇಲೆ ಸಮಾಧಾನವಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ. ಇನ್ನೂ ಯಾರೋ ಹಿಂದಿನಿಂದ ಕರೆದ ಹಾಗೆ ತಿರುಗಿ ತಿರುಗಿ ನೋಡುತ್ತೇನೆ.

ಭಾನುವಾರ ಮಧ್ಯಾಹ್ನದ ಹೊತ್ತಿಗೆ ಮನೆಗೆ ಬರುತ್ತೇನೆ. ಈ ಕಾಗದವನ್ನು ಬಂದರಿನಲ್ಲಿ ಅಂಚೆಗೆ ಹಾಕದೆ ನಾನೇ ತಂದು ನಿನ್ನ ಕೈಗೆ ಕೊಡುತ್ತೇನೆ. ನೀನು ಓದಿ ಮುಗಿಸುವವರೆಗೂ ಕೊಟ್ಟಿಗೆಯಲ್ಲಿರುತ್ತೇನೆ. ಮುಗಿದ ಮೇಲೆ ಕರೆ. ಅಪ್ಪನಿಗೆ ಮೊಣಕಾಲಿಗೆ ಎಣ್ಣೆ ತಂದಿದ್ದೇನೆ ಎಂದು ಹೇಳು.

ನಿನ್ನ ಮಗಳು
ಅಕ್ಷತ

ತಾ.ಕ.: ಮನಸ್ಸು ಎಲ್ಲಿತ್ತು ಎಂಬುದನ್ನು ಆಮೇಲೆ ಹೇಳುತ್ತೇನೆ ಎಂದಿದ್ದೆ. ಬಲೆಯ ಮೀಟರ್ ನೋಡುತ್ತಾ ನಾನು ನಮ್ಮ ಡೇರಿಯ ಸ್ಟೀಲಿನ ಜಾರನ್ನು ನೋಡುತ್ತಿದ್ದೆ. ಆವತ್ತು ಅದನ್ನು ತೊಳೆದುಕೊಟ್ಟವಳು ನಾನು. ಬೋರಲು ಹಾಕದೆ ಕೊಟ್ಟೆ, ತಳದಲ್ಲಿ ಎರಡು ಬೆರಳು ನೀರಿತ್ತು, ಲಾರಿಯ ಅವಸರದಲ್ಲಿ ನೀನು ಅದರ ಮೇಲೇ ಹಾಲು ಸುರಿದೆ. ಕಡ್ಡಿ ಮುಳುಗಿದಾಗಲೇ ನನಗೆ ಗೊತ್ತಾಯಿತು. ಸಪ್ಪಲಮ್ಮನ ಹಾಲಿನಲ್ಲಿ ನೀರಿರಲಿಲ್ಲ. ಸೋಮವಾರ ಬೆಳಿಗ್ಗೆ ಹೊಸಕೋಟೆಗೆ ಹೋಗುತ್ತೇನೆ, ನೀನು ಬಂದರೂ ಹೋಗುತ್ತೇನೆ, ಬರದಿದ್ದರೂ ಹೋಗುತ್ತೇನೆ. ಅವಳಿಗೆ ಇಷ್ಟು ಹೇಳಿದರೆ ಸಾಲದು, ಇನ್ನೊಂದೂ ಹೇಳಬೇಕು. ಅದನ್ನು ಮೊದಲು ನಿನಗೆ ಹೇಳುತ್ತೇನೆ. ಸಾಲಿನವರೆಲ್ಲ ನಕ್ಕಾಗ ಅವಳು ನೋಡಿದ್ದು ನನ್ನ ಮುಖವನ್ನು, ಅಮ್ಮ. ನಾನೂ ನಕ್ಕೆ.