ಮೇಲ್ಮನೆಯ ಡಬಡಬ

ದೊಡ್ಡಬಳ್ಳಾಪುರ, ನಿಮ್ಮದೇ ಮೇಲ್ಮನೆಯಿಂದ

ಓನರಮ್ಮ ಮುನಿರತ್ನಮ್ಮನವರಿಗೆ ನಮಸ್ಕಾರ.

"ಆ ಡಬಡಬ ನಿಲ್ಸು, ಇಲ್ಲಾ ಮನೆ ಖಾಲಿ ಮಾಡಪ್ಪಾ" ಅಂದಿರಿ. ಅದು ಹಾರ್ಡ್ ಬಾಪ್ ಎಂಬ ಜಾಝ್ ಸಂಗೀತ ಅಮ್ಮಾ. ಎಪ್ಪತ್ತು ವರ್ಷದ ಹಿಂದೆ ನ್ಯೂಯಾರ್ಕಿನಲ್ಲಿ ನುಡಿಸಿದ ಹೆಸರಾಂತ ರೆಕಾರ್ಡುಗಳು. ನಿಮ್ಮ ಕಿವಿಗೆ ಬರೀ ಬಾಪ್ ರೇ ಆಯಿತು. ಇರಲಿ, ಖಾಲಿ ಮಾಡುತ್ತೇನೆ. ಆದರೆ ಒಂದು ತೊಡಕಿದೆ.

ಹಗಲಿರುಳು ಸದ್ದು ಮಾಡುತ್ತಿದ್ದ ಪವರ್‌ಲೂಮ್ ಮಗ್ಗಗಳನ್ನು ಮಾರಿದಂದಿನಿಂದ ನಿಮ್ಮ ಯಜಮಾನರು ಬಚ್ಚಪ್ಪನವರು ಕೂತಲ್ಲಿ ಕೂರುತ್ತಿಲ್ಲ, ನಿದ್ದೆಯೂ ಇಲ್ಲ. ಮಧ್ಯಾಹ್ನ ಇಸ್ಪೀಟಿಗೆ ಹೋಗುತ್ತಾರೆಂದು ನೀವು ಬೈಯುತ್ತೀರಿ. ಅವರು ಬರುವುದು ಇಲ್ಲಿಗೆ. ಸ್ಪೀಕರಿನ ಪಕ್ಕ ಚಾಪೆ ಹಾಸಿದರೆ, ಡ್ರಮ್ಮು ಬಿರುಸಾಗುವಷ್ಟರಲ್ಲಿ ಗೊರಕೆ. ರೆಕಾರ್ಡ್ ಮುಗಿದು ಸದ್ದು ನಿಂತಿತೋ, ದಡಬಡಿಸಿ ಎದ್ದು, "ಲೇ, ದಾರ ಕಿತ್ತೋಯ್ತು, ನೋಡ್ಲಾ!" ಎಂದು ಇಲ್ಲದ ಮಗ್ಗ ಹುಡುಕುತ್ತಾರೆ. ನಾನು ಓಡಿಹೋಗಿ ರೆಕಾರ್ಡ್ ಮಗುಚುತ್ತೇನೆ.

ಹೀಗಿರುವಾಗ ಬೇರೆ ಮನೆ ನೋಡಲು ಹೊರಡುವುದು ಹೇಗೆ? ಈಗಲೂ ಮಲಗಿದ್ದಾರೆ. ಮಾತಾಡುವುದಿದ್ದರೆ ಮೇಲೆ ಬನ್ನಿ. ಮೆಟ್ಟಿಲನ್ನು ಮೆಲ್ಲಗೆ ಮಾತ್ರ ಹತ್ತಬೇಡಿ. ನನ್ನನ್ನು ಬೈಯುತ್ತಲೇ ಬನ್ನಿ, ಬಂದ ಮೇಲೂ ಬೈಗುಳ ನಿಲ್ಲಿಸಬೇಡಿ. ಅವರು ಇನ್ನೊಂದಿಷ್ಟು ಹೊತ್ತು ಮಲಗಲಿ.

ನಿಮ್ಮ ಬಾಡಿಗೆದಾರ, ಸದ್ಯಕ್ಕೆ,
ಮುನಿರಾಜ್