ಹವಾಲ್ದಾರ ಚಂದ್ರಾಮನ ಹೊಟ್ಟೆ

೧೨ ಜುಲೈ ೨೦೧೨, ಗುರುವಾರ. ಡೊಂಬಿವಲಿ.

ಸಮಸ್ತ ಮನುಕುಲದ ಗಮನಕ್ಕೆ: ಇಂದು ಸಂಜೆ ತುರ್ಭೆಯ ಒಂದು ಮುದ್ರಣಾಲಯದಲ್ಲಿ ಹವಾಲ್ದಾರ ಚಂದ್ರಾಮನ ಹೊಟ್ಟೆಗೆ ಮರಣದಂಡನೆ ವಿಧಿಸಲಾಯಿತು.

ಚಂದ್ರಾಮ ನಮ್ಮ ಕಾಮಿಕ್ಸಿನ ಪತ್ತೇದಾರ. ಕತೆ ನನ್ನದು, ಚಿತ್ರ ಅಕ್ಕನ ಮಗಳು ರಮಿತಾಳದು. ಅದರಲ್ಲಿ ಹಾರುವ ಮಹಾವೀರನೊಬ್ಬ ಕಳ್ಳನನ್ನು ಬಡಿದುಹಾಕಿ, ಚಪ್ಪಾಳೆ ಗಿಟ್ಟಿಸಿ ಮೋಡದಲ್ಲಿ ಮಾಯವಾಗುತ್ತಾನೆ. ಪಂಚನಾಮೆ ಬರೆಯಲು ಉಳಿಯುವವನು ಚಂದ್ರಾಮ. ಚಪ್ಪಾಳೆ ತಟ್ಟಿದವರಲ್ಲಿ ಇಬ್ಬರಾದರೂ ಸಾಕ್ಷಿಗೆ ಸಹಿ ಹಾಕಬೇಕು; ಎಲ್ಲರಿಗೂ ಆಗಲೇ ಲೋಕಲ್ ರೈಲು ಹಿಡಿಯುವ ಅವಸರ. ಸಾಕ್ಷಿಯಿಲ್ಲದೆ ಕಳ್ಳ ಬಿಡುಗಡೆಯಾಗುತ್ತಾನೆ. ಕತೆ ಇರುವುದೇ ಇಷ್ಟು!

ಪ್ರಕಾಶಕ ಜಯೇಶ್ ಹೇಳುತ್ತಾರೆ, "ಎಂತ ಮಾರಾಯ್ರೆ, ಈ ಹೊಟ್ಟೆಯವನನ್ನು ಯಾರು ಓದ್ತಾರೆ? ಹೊಟ್ಟೆ ತೆಗೀರಿ. ಕಡೇ ಪುಟದಲ್ಲಿ ಇವನೂ ಸ್ವಲ್ಪ ಹಾರಲಿ."

ಹಾರಲಿಯಂತೆ! ಹಾರಲು ಬರುತ್ತಿದ್ದರೆ ಆ ಪುಣ್ಯಾತ್ಮ ದಿನಾ ಕಲ್ಯಾಣ್ ಫಾಸ್ಟಿನ ಬಾಗಿಲಿಗೆ ಯಾಕೆ ಜೋತುಬೀಳುತ್ತಿದ್ದ?

ನಾವು ಒಪ್ಪದಿದ್ದರೆ ನಾಳೆಯೇ ಬೇರೆಯವರಿಂದ ತಿದ್ದಿಸುತ್ತಾರಂತೆ. ಪುಟಗಳು ಅವರ ಮೇಜಿನಲ್ಲೇ ಇವೆ.

"ಮಾಮಾ, ಜಾನೇ ದೋ ನಾ," ಎಂದಳು ರಮಿತಾ. ಬಿಟ್ಟುಬಿಡು ಅಂದರೆ ಹೇಗೆ ಬಿಡುವುದು? ಆ ಹೊಟ್ಟೆಯನ್ನು ಅವಳು ಬರೆದದ್ದು ಕಲ್ಯಾಣದ ಪೊಲೀಸ್ ಠಾಣೆಯಲ್ಲಿ ಹವಾಲ್ದಾರನಾಗಿದ್ದ ತನ್ನ ಅಪ್ಪನನ್ನು ನೆನೆದು. ಅದನ್ನು ಒರೆಸುವ ಹಕ್ಕು ಯಾವ ರಬ್ಬರಿಗಿದೆ?

ಪುಟಗಳನ್ನು ವಾಪಸು ಕೇಳಲೇಬೇಕು. ಆದರೆ ಜಯೇಶರ ಚಹಾ ಕುಡಿದೊಡನೆ ನನ್ನ ಸಿಟ್ಟು ಕರಗಿಬಿಡುತ್ತದೆ, ಹಾಳಾದ್ದು...

ನನ್ನ ಧರ್ಮಪತ್ನಿ ಲೋಲಾಕ್ಷಿಯವರೇ, ನಾನು ಮಲಗಿದ ಮೇಲೆ ತಾವು ಈ ದಿನಚರಿ ಓದುವುದು ಪತ್ತೆಯಾಗಿದೆ. ಶಿಕ್ಷೆಯೇನಿಲ್ಲ. ನಾಳೆ ತುರ್ಭೆಗೆ ನನ್ನ ಜೊತೆ ಬಾ ಮಾರಾಯ್ತಿ. ಮಾತಾಡುವುದು ಬೇಡ, ಸಾಕ್ಷಿಯಾಗಿ ಪಕ್ಕದಲ್ಲಿ ನಿಂತರೆ ಸಾಕು.